ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ ಓಡುತ್ತಿದ್ದ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ (ವಿಂಡೋಸ್ ಜಾಗದಲ್ಲಿ ಕೂರುವ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಬೇಕು ಅಂತ ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳೆಲ್ಲ ಇಲ್ಲಿವೆ. ನನ್ನ ಲ್ಯಾಪ್‌ಟಾಪ್‌ಗೂ ಹಾಕಿಕೊಂಡಿದ್ದೇನೆ, ಬೇರೆಯವರಿಗೂ ಹಾಕಿಕೊಟ್ಟಿದ್ದೇನೆ, ಒಂದು ಸಲ ದೊಡ್ಡ ತಪ್ಪನ್ನೂ ಮಾಡಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಬಹುದು. ಆದರೆ ಲೈವ್ ಪೆನ್‌ಡ್ರೈವ್ ಮತ್ತು ಬ್ಯಾಕಪ್ ಬಗ್ಗೆ ಇರುವ ಎರಡನ್ನು ಮಾತ್ರ ಬಿಡಬೇಡಿ.

ನನ್ನ ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿದೆ. ಯಾಕೆ ಬದಲಾಯಿಸಬೇಕು?

ವಿಂಡೋಸ್ 11 ಇದ್ದು, ಅಪ್‌ಡೇಟ್ ಬರುತ್ತಿದ್ದು, ವೇಗವೂ ಸರಿಯಿದ್ದರೆ ಬದಲಾಯಿಸಬೇಡಿ. ಸುಮ್ನೆ ಯಾರೋ ಹೇಳಿದರು ಅಂತ ಕೈ ಹಾಕುವ ಕೆಲಸ ಇದಲ್ಲ.

ವಿಂಡೋಸ್ 10 ಇದ್ದರೆ ಮಾತು ಬೇರೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಕೊಟ್ಟರು, ಆದರೆ ಅದು ದಿನ ದೂಡುವ ಏರ್ಪಾಡು ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ, ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದೇ ಬೇಕು ಅನ್ನುತ್ತದೆ. 8ನೇ ತಲೆಮಾರು ಬಂದಿದ್ದು 2017ರಲ್ಲಿ. ಅಂದರೆ ಅದಕ್ಕಿಂತ ಸ್ವಲ್ಪ ಮುಂಚೆ ಕೊಂಡ, ಕೀಬೋರ್ಡಿನ ಒಂದು ಕೀ ಕೂಡ ಹಾಳಾಗದ, ಒಳ್ಳೆಯ ಐ7 ಲ್ಯಾಪ್‌ಟಾಪ್ ಕೂಡ ಹೊರಗೆ. ಅದನ್ನು ಮೂಲೆಗೆ ಎಸೆಯುವುದು ನನಗಂತೂ ಸಂಕಟದ ವಿಷಯ. ಮಷೀನ್‌ಗೆ ವಯಸ್ಸಾಗಿಲ್ಲ, ಅದರ ಮೇಲೆ ಓಡುವ ಸಾಫ್ಟ್‌ವೇರ್ ಅದನ್ನು ಕೈಬಿಟ್ಟಿದೆ.

ನಿಮ್ಮದು ಎಷ್ಟನೇ ತಲೆಮಾರು ಅಂತ ತಿಳಿಯಲು ಪ್ರೊಸೆಸರ್ ಹೆಸರು ನೋಡಿ. ಐ5-7200ಯು ಅಂತಿದ್ದರೆ ಗೆರೆಯ ನಂತರದ 7 ಅಂದರೆ 7ನೇ ತಲೆಮಾರು.

ಆ ಪರೀಕ್ಷೆಗಳನ್ನು ತಪ್ಪಿಸಿ ವಿಂಡೋಸ್ 11 ಹಾಕಬಹುದಂತಲ್ಲ?

ಹಾಕಬಹುದು. ರೂಫಸ್ ಅನ್ನುವ ಪ್ರೋಗ್ರಾಂನಲ್ಲೇ ಟಿಪಿಎಂ ಪರೀಕ್ಷೆ ತೆಗೆದುಹಾಕುವ ಆಯ್ಕೆ ಇದೆ. ಆದರೆ ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಏನಾಗುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. 24ಎಚ್2 ಆವೃತ್ತಿಯಿಂದ ಆಚೆಗೆ ಎಸ್‌ಎಸ್‌ಇ 4.2 ಅನ್ನುವ ಸೌಲಭ್ಯ ಇಲ್ಲದ ತೀರಾ ಹಳೆ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಕೂಡ, ಅಂದರೆ ಶುರು ಕೂಡ, ಆಗುವುದಿಲ್ಲ. ಜೊತೆಗೆ 4 ಜಿಬಿ ರ‍್ಯಾಮ್ ಇರುವ ಮಷೀನ್‌ನಲ್ಲಿ ವಿಂಡೋಸ್ 11 ಓಡಿಸಿದರೆ ನಿಧಾನ ಅನ್ನುವ ಮೂಲ ತೊಂದರೆ ಹಾಗೇ ಉಳಿಯುತ್ತದೆ, ಇನ್ನೂ ಜಾಸ್ತಿಯೇ ಆಗುತ್ತದೆ.

ನನ್ನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಆಗುತ್ತಾ? ಏನೇನು ನೋಡಬೇಕು?

ಮೂರು ವಿಷಯ ನೋಡಿ. ಪ್ರೊಸೆಸರ್ 64 ಬಿಟ್ ಇದೆಯಾ, ರ‍್ಯಾಮ್ ಎಷ್ಟಿದೆ, ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕಾ, ಚಿಪ್‌ಗಳಲ್ಲಿ ಫೈಲ್ ಇಡುವ ಎಸ್‌ಎಸ್‌ಡಿನಾ.

64 ಬಿಟ್ ಬಗ್ಗೆ ಒಂದು ಗೊಂದಲ ತುಂಬ ಜನರಿಗೆ ಇರುತ್ತದೆ. ವಿಂಡೋಸ್ 32 ಬಿಟ್ ಅಂತ ತೋರಿಸಿದರೆ ಪ್ರೊಸೆಸರ್ ಕೂಡ 32 ಬಿಟ್ ಅಂತ ಅಲ್ಲ. ರ‍್ಯಾಮ್ ಕಡಿಮೆ ಇದೆ ಅಂತ 64 ಬಿಟ್ ಮಷೀನ್‌ಗೂ 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದ ಕಾಲ ಒಂದಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಬೌಟ್ ಅಂತ ಹೋದರೆ ಪ್ರೊಸೆಸರ್ ಯಾವ ಬಗೆಯದು ಅಂತ ಅಲ್ಲೇ ಬರೆದಿರುತ್ತದೆ. ಇಂಟೆಲ್ ಕೋರ್ 2 ಡುಯೊ ಅಥವಾ ಅದಕ್ಕಿಂತ ಈಚಿನ ಕೋರ್ ಪ್ರೊಸೆಸರ್ ಆದರೆ ಅದು 64 ಬಿಟ್ಟೇ.

ರ‍್ಯಾಮ್ 8 ಜಿಬಿ ಇದ್ದರೆ ಯಾವ ಲಿನಕ್ಸ್ ಬೇಕಾದರೂ ಹಾಕಿ, ಯೋಚನೆ ಬೇಡ. 4 ಜಿಬಿ ಇದ್ದರೆ ಹಗುರ ಡೆಸ್ಕ್‌ಟಾಪ್ (ಮೆನು, ಕಿಟಕಿ ಎಲ್ಲ ತೋರಿಸುವ ಭಾಗ) ಇರುವುದನ್ನು ಆರಿಸಿ. 2 ಜಿಬಿ ಇದ್ದರೆ ಟೈಪಿಂಗ್, ಮೇಲ್, ಹಾಡು, ಒಂದೆರಡು ಟ್ಯಾಬ್, ಅಷ್ಟಕ್ಕೆ ಸಾಕು. ಅದರ ಮೇಲೆ ಆಸೆ ಇಟ್ಟುಕೊಂಡರೆ ಬೇಜಾರಾಗುತ್ತದೆ.

ಲಿನಕ್ಸ್ ಹಾಕಿದರೆ ವೇಗ ಬರುತ್ತಾ, ಎಸ್‌ಎಸ್‌ಡಿ ಹಾಕಿದರೆ ಬರುತ್ತಾ?

ಎರಡೂ ನಿಜ. ಆದರೆ ನೇರವಾಗಿ ಹೇಳುತ್ತೇನೆ: ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ನಿಧಾನಕ್ಕೆ ಮೊದಲ ಕಾರಣ ಆ ಡಿಸ್ಕೇ, ವಿಂಡೋಸ್ ಅಲ್ಲ. ಹಳೆ ಲ್ಯಾಪ್‌ಟಾಪ್‌ಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲ್‌ಗಳನ್ನು ಓದಬೇಕು. ಒಂದೊಂದಕ್ಕೂ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡಬೇಕು, ಆ ಓಡಾಟದಲ್ಲೇ ಸಮಯ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ.

ಹಾಗಾಗಿ ಒಂದೇ ಒಂದು ಭಾಗ ಬದಲಾಯಿಸಲು ಸಾಧ್ಯವಿದ್ದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹತ್ತು ವರ್ಷ ಹಿಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ಹಳೆ ಡಿಸ್ಕ್ 9.5 ಮಿಲಿಮೀಟರ್ ದಪ್ಪ ಇದ್ದು ಹೊಸದು 7 ಮಿಲಿಮೀಟರ್ ಇದ್ದರೆ ನಡುವೆ ಒಂದು ಪ್ಲಾಸ್ಟಿಕ್ ಚೌಕಟ್ಟು ಇಟ್ಟರಾಯಿತು. ಇದರಲ್ಲಿ ಇನ್ನೊಂದು ಲಾಭವೂ ಇದೆ, ಅದನ್ನು ತುಂಬ ಜನ ಯೋಚಿಸುವುದೇ ಇಲ್ಲ. ಬಿಚ್ಚಿದ ಹಳೆ ಡಿಸ್ಕ್‌ನಲ್ಲಿ ನಿಮ್ಮ ವಿಂಡೋಸ್, ಫೋಟೋ, ಫೈಲ್ ಎಲ್ಲ ಇದ್ದ ಹಾಗೇ ಇರುತ್ತದೆ. ಹೊಸ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕಿ ಹಿಡಿಸದಿದ್ದರೆ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಮುಗಿಯಿತು. ಇಷ್ಟು ನೆಮ್ಮದಿಯ ದಾರಿ ಬೇರೆ ಇಲ್ಲ.

ರ‍್ಯಾಮ್ ಸೇರಿಸುವುದಾದರೆ ಬಗೆ ನೋಡಿಕೊಂಡು ಕೊಳ್ಳಿ. ಡಿಡಿಆರ್3 ಮತ್ತು ಡಿಡಿಆರ್3ಎಲ್ ನೋಡಲು ಒಂದೇ ಥರ ಇದ್ದರೂ ಓಡುವ ವೋಲ್ಟೇಜ್ ಬೇರೆ: ಮೊದಲನೆಯದು 1.5, ಎರಡನೆಯದು 1.35. ಎಲ್ ಬಗೆಯೇ ಬೇಕು ಅನ್ನುವ ಮಷೀನ್‌ಗೆ ಬರೀ ಡಿಡಿಆರ್3 ಹಾಕಿದರೆ ಅದು ಆನ್ ಆಗದೆ ಇರಬಹುದು.

ನೂರಾರು ಲಿನಕ್ಸ್ ಇವೆ. ಯಾವುದನ್ನು ಹಾಕಲಿ?

ಲಿನಕ್ಸ್ ಅಂದರೆ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಕರ್ನಲ್, ಅಂದರೆ ಒಳಗಿನ ಎಂಜಿನ್. ಅದರ ಸುತ್ತ ಬಾಡಿ, ಸೀಟು, ಸ್ಟೀರಿಂಗ್ ಎಲ್ಲ ಕಟ್ಟಿ ಕೊಡುವವರು ಬೇರೆ ಬೇರೆ. ಹಾಗೆ ಕಟ್ಟಿದ್ದಕ್ಕೆ ಡಿಸ್ಟ್ರೊ ಅನ್ನುತ್ತಾರೆ. ಡೆಬಿಯನ್ 1993ರಿಂದ ಇದೆ, ಅದರ ಮೇಲೆ ಉಬುಂಟು 2004ರಲ್ಲಿ ಬಂತು, ಉಬುಂಟು ಮೇಲೆ ಲಿನಕ್ಸ್ ಮಿಂಟ್ 2006ರಲ್ಲಿ ಬಂತು. ಒಂದೇ ಮನೆತನ.

ಮೊದಲ ಸಲ ಹಾಕುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ಬಳಸಿದ ಕೈಗೆ ಹೊಸದು ಅನ್ನಿಸುವುದಿಲ್ಲ. ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಇದೆ. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪ ಸಿಗುತ್ತವೆ. 8 ಜಿಬಿ ಇದ್ದರೆ ಸಿನಮನ್ ತಗೊಳ್ಳಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ.

2 ಜಿಬಿ ಮಷೀನ್‌ಗೆ ಲುಬುಂಟು ಅಥವಾ ಆಂಟಿಎಕ್ಸ್ ನೋಡಿ. ಆಂಟಿಎಕ್ಸ್ ತುಂಬ ಹಗುರ, 1 ಜಿಬಿಯಲ್ಲೂ ಓಡುತ್ತದೆ, ಆದರೆ ನೋಟ ಹಳೆಯದು, ಮೆನುಗಳಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಆರ್ಚ್, ಜೆಂಟೂ ಥರದವು ಕಲಿಯಲು ಚೆನ್ನ, ನಾಳೆ ಬೆಳಿಗ್ಗೆ ಕೆಲಸ ಇರುವ ಲ್ಯಾಪ್‌ಟಾಪ್‌ಗೆ ಬೇಡ. ಇಲ್ಲೇ ವಾರಗಟ್ಟಲೆ ನಿಂತುಬಿಡಬೇಡಿ. ಒಂದನ್ನು ಹಾಕಿ, ಹಿಡಿಸದಿದ್ದರೆ ಆಮೇಲೆ ಇನ್ನೊಂದು.

ಕ್ರೋಮ್ ಓಎಸ್ ಫ್ಲೆಕ್ಸ್ ಹೇಗೆ?

ಎಲ್ಲ ಕೆಲಸ ಬ್ರೌಸರ್‌ನಲ್ಲೇ ನಡೆಯುವವರಿಗೆ ಒಳ್ಳೆಯದು. ಗೂಗಲ್ 2022ರಲ್ಲಿ ಬಿಟ್ಟಿದ್ದು, 4 ಜಿಬಿ ರ‍್ಯಾಮ್ ಕೇಳುತ್ತದೆ. ಕ್ರೋಮ್‌ಬುಕ್‌ನಲ್ಲಿರುವ ಹಾಗೆ ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ಓಡುವುದಿಲ್ಲ, ವಿಂಡೋಸ್ ಜೊತೆ ಒಂದೇ ಡಿಸ್ಕ್‌ನಲ್ಲಿ ಇಡಲು ಗೂಗಲ್ ಬೆಂಬಲ ಕೊಡುವುದಿಲ್ಲ. ಗೂಗಲ್ ಅಕೌಂಟ್ ಇಲ್ಲದೆ ಅದರಿಂದ ಹೆಚ್ಚು ಉಪಯೋಗವೂ ಇಲ್ಲ. ನನಗೆ ಮಿಂಟ್ ಕೊಡುವ ಸ್ವಾತಂತ್ರ್ಯ ಇಷ್ಟ.

ಡಿಸ್ಕ್ ಮುಟ್ಟದೆ ಮೊದಲು ನೋಡಬಹುದಾ?

ನೋಡಬಹುದು ಅಲ್ಲ, ನೋಡಲೇಬೇಕು. ಲಿನಕ್ಸ್‌ನಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದೇ. ಪೆನ್‌ಡ್ರೈವ್‌ನಿಂದಲೇ ಪೂರ್ತಿ ಸಿಸ್ಟಂ ಓಡಿಸಬಹುದು, ಒಳಗಿನ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರೆ ನಿಮ್ಮ ವಿಂಡೋಸ್ ಮೊದಲಿನ ಹಾಗೇ ಶುರುವಾಗುತ್ತದೆ. ಇದಕ್ಕೆ ಲೈವ್ ಅನ್ನುತ್ತಾರೆ.

8 ಜಿಬಿ ಪೆನ್‌ಡ್ರೈವ್ ತಗೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಇರಲಿ. ಡಿಸ್ಟ್ರೊದ ಸ್ವಂತ ತಾಣದಿಂದಲೇ ಐಎಸ್‌ಒ ಫೈಲ್ (ಪೂರ್ತಿ ಸಿಸ್ಟಂ ಅಡಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ. ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಿಳಿಯಲು ಅಲ್ಲೇ ಕೊಟ್ಟಿರುವ ಎಸ್‌ಎಚ್‌ಎ 256 ಸಂಖ್ಯೆಯನ್ನು ನಿಮ್ಮ ಫೈಲ್‌ನ ಸಂಖ್ಯೆ ಜೊತೆ ಹೋಲಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಅರ್ಧ ಇಳಿದ ಫೈಲ್‌ನಿಂದ ಇನ್‌ಸ್ಟಾಲ್ ಮಾಡಿ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪೆನ್‌ಡ್ರೈವ್‌ಗೆ ಬರೆಯಲು ವಿಂಡೋಸ್‌ನಲ್ಲಿ ರೂಫಸ್ ಅಥವಾ ಬಲೇನಾ ಎಚರ್ ಸಾಕು. ಎರಡು ಮೂರು ಡಿಸ್ಟ್ರೊ ನೋಡುವ ಆಸೆ ಇದ್ದರೆ ವೆಂಟಾಯ್ ಹಾಕಿ, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರಾಯಿತು. ಐಎಸ್‌ಒ ಫೈಲನ್ನು ಮಾಮೂಲಿ ಪೆನ್‌ಡ್ರೈವ್‌ಗೆ ಹಾಗೇ ಎಳೆದು ಹಾಕಿದರೆ ಬೂಟ್ ಆಗುವುದಿಲ್ಲ.

ಲೈವ್ ಶುರುವಾದ ಮೇಲೆ ಗೋಡೆಚಿತ್ರ ನೋಡಿ ಮುಚ್ಚಬೇಡಿ. ವೈಫೈ ಹಿಡಿಯುತ್ತಾ ನೋಡಿ. ಸ್ಪೀಕರ್‌ನಲ್ಲಿ ಹಾಡು ಹಾಕಿ, ಹೆಡ್‌ಫೋನ್ ಸಿಕ್ಕಿಸಿ ನೋಡಿ, ಕ್ಯಾಮೆರಾ ಮತ್ತು ಮೈಕ್ ನೋಡಿ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳನ್ನು ಒತ್ತಿ. ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಎಳೆಯಿರಿ. ಬ್ಲೂಟೂತ್‌ಗೆ ಏನಾದರೂ ಸೇರಿಸಿ. ಕೊನೆಗೆ ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕೈಕೊಡುವುದು ಇದೇ, ಮಲಗಿದ್ದು ಏಳುವುದಿಲ್ಲ. ಅದು ಇಲ್ಲೇ ಗೊತ್ತಾದರೆ ಇನ್ನೊಂದು ಡಿಸ್ಟ್ರೊ ನೋಡಬಹುದು.

ವೇಗವನ್ನು ಮಾತ್ರ ಲೈವ್‌ನಲ್ಲಿ ಅಳೆಯಬೇಡಿ. ಪೆನ್‌ಡ್ರೈವ್ ತಾನೇ ನಿಧಾನ.

ಪೆನ್‌ಡ್ರೈವ್ ಹಾಕಿದರೂ ವಿಂಡೋಸೇ ಶುರುವಾಗುತ್ತಿದೆ?

ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಾ ಇರಿ. ಲೆನೊವೊ ಮತ್ತು ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್ 9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್ 12, ಆದರೆ ಎಷ್ಟೋ ಮಾದರಿಗಳಲ್ಲಿ ಮೊದಲು ಎಫ್ 2 ಒತ್ತಿ ಬಯೋಸ್ (ಮಷೀನ್‌ನ ಮೂಲ ಸೆಟ್ಟಿಂಗ್ಸ್) ಒಳಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಇದ್ಯಾವುದೂ ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಯುಎಸ್‌ಬಿಯಿಂದ ಬೂಟ್ ಮಾಡುವ ಆಯ್ಕೆ ಬಹುತೇಕ ಮಷೀನ್‌ಗಳಲ್ಲಿ ಸಿಗುತ್ತದೆ.

ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಎಲ್ಲವೂ ಸೆಕ್ಯೂರ್ ಬೂಟ್ ಆನ್ ಇದ್ದರೂ ಶುರುವಾಗುತ್ತವೆ. ಕೆಲವು ಸಣ್ಣ ಡಿಸ್ಟ್ರೊಗಳಿಗೆ ಮಾತ್ರ ಅದನ್ನು ಆಫ್ ಮಾಡಬೇಕು.

ಬ್ಯಾಕಪ್ ಎಷ್ಟು ಮುಖ್ಯ? ವಿಂಡೋಸ್ ಪಕ್ಕದಲ್ಲೇ ಹಾಕುತ್ತೇನಲ್ಲ.

ಇದರಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ಒಬ್ಬರ ಲ್ಯಾಪ್‌ಟಾಪ್‌ಗೆ ಹಾಕಿಕೊಡುವಾಗ ಅವರ ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ಜತನವಾಗಿ ಕಾಪಿ ಮಾಡಿದೆ. ಎಲ್ಲ ಸರಿಯಾಗೇ ಮಾಡಿದೆ, ಆ ಡಿಸ್ಕ್‌ನ ಕೇಬಲ್ ಕೀಳುವುದನ್ನು ಮಾತ್ರ ಮರೆತೆ. ಇನ್‌ಸ್ಟಾಲರ್ ಎರಡು ಡಿಸ್ಕ್ ತೋರಿಸಿತು. ಎರಡೂ 500 ಜಿಬಿ. ಅವಸರದಲ್ಲಿ ಬ್ಯಾಕಪ್ ಇದ್ದ ಡಿಸ್ಕನ್ನೇ ಆರಿಸಿ ಅಳಿಸು ಅಂತ ಒತ್ತಿದೆ. ಲ್ಯಾಪ್‌ಟಾಪ್ ಒಳಗಿನ ಪ್ರತಿ ಆಗ ಇನ್ನೂ ಉಳಿದಿತ್ತು, ಆದ್ದರಿಂದ ಹೆಚ್ಚಿನ ಫೋಟೋಗಳು ಉಳಿದವು. ಆದರೆ ಆ ಹೊರಗಿನ ಡಿಸ್ಕ್‌ನಲ್ಲಿ ಮೊದಲಿಂದ ಇದ್ದ, ಬೇರೆಲ್ಲೂ ಇಲ್ಲದ ಎರಡು ವರ್ಷದ ಚಿತ್ರಗಳು ಹೋದವು. ಅದನ್ನು ಅವರಿಗೆ ಫೋನ್ ಮಾಡಿ ಹೇಳಿದ ದಿನ ನನಗೆ ಇವತ್ತಿಗೂ ನೆನಪಿದೆ.

ಆದ್ದರಿಂದ ಕಾಪಿ ಮಾಡಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ ಆ ಡಿಸ್ಕನ್ನು ಕಿತ್ತು ಬೇರೆ ಕೋಣೆಯಲ್ಲಿಡಿ. ಇನ್‌ಸ್ಟಾಲ್ ಮಾಡುವಾಗ ಲ್ಯಾಪ್‌ಟಾಪ್‌ಗೆ ಆ ಒಂದು ಪೆನ್‌ಡ್ರೈವ್ ಮತ್ತು ಚಾರ್ಜರ್ ಬಿಟ್ಟು ಬೇರೇನೂ ಸಿಕ್ಕಿರಬಾರದು. ಬರೀ ಫೋಟೋ, ಡಾಕ್ಯುಮೆಂಟ್ ಅಲ್ಲ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಬುಕ್‌ಮಾರ್ಕ್‌ಗಳು, ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲ್‌ಗಳು, ಡೌನ್‌ಲೋಡ್ಸ್ ಫೋಲ್ಡರ್, ಇವನ್ನೂ ನೋಡಿಕೊಳ್ಳಿ. ಡೆಸ್ಕ್‌ಟಾಪ್ ಫೋಲ್ಡರನ್ನೇ ತುಂಬ ಜನ ಮರೆಯುವುದು.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು, ಇದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತದೆ. ಡಿಸ್ಕ್ 128 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ಬೇಡ ಅನ್ನುತ್ತೇನೆ, ಇಬ್ಬರಿಗೂ ಜಾಗ ಸಾಲದೆ ಇಬ್ಬರೂ ಒದ್ದಾಡುತ್ತಾರೆ.

ಮಾಡುವುದಾದರೆ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದ ಕೂಡಲೇ ವಿಂಡೋಸ್ ಆ 48 ಅಂಕಿಗಳನ್ನು ಕೇಳುವ ಸಾಧ್ಯತೆ ಜಾಸ್ತಿ, ಆಗ ಅದು ಇಲ್ಲದಿದ್ದರೆ ಒಳಗಿರುವುದು ಸಿಗುವುದಿಲ್ಲ. ಎರಡನೆಯದು, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ವಿಂಡೋಸ್ ಭಾಗಕ್ಕೆ ಫೈಲ್ ಬರೆಯಲು ಆಗುವುದಿಲ್ಲ, ಬಲವಂತ ಮಾಡಿದರೆ ಫೈಲ್ ಹಾಳಾಗಬಹುದು. ಮೂರನೆಯದು, ವಿಂಡೋಸ್ ಭಾಗವನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಖಾಲಿ ಆದ ಜಾಗದಲ್ಲಿ ಲಿನಕ್ಸ್ ಕೂರುತ್ತದೆ.

ಇದೆಲ್ಲ ಆದ ಮೇಲೆ ಒಂದು ವಿಚಿತ್ರ ಕಾಣಬಹುದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ತಪ್ಪು ಸಮಯ ತೋರಿಸುತ್ತದೆ. ಹಾರ್ಡ್‌ವೇರ್ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಇಡುತ್ತದೆ. ಹಾಳಾಗಿದ್ದೇನೂ ಇಲ್ಲ, ಸ್ಥಳೀಯ ಸಮಯವನ್ನೇ ಬಳಸು ಅಂತ ಲಿನಕ್ಸ್‌ಗೆ ಒಂದು ಸಲ ಹೇಳಿದರೆ ಸರಿಹೋಗುತ್ತದೆ.

ಇನ್‌ಸ್ಟಾಲರ್‌ಗೆ ನನ್ನ ಡಿಸ್ಕೇ ಕಾಣಿಸ್ತಿಲ್ಲ!

ಬಯೋಸ್‌ನಲ್ಲಿ ಸ್ಟೋರೇಜ್ ವಿಧಾನ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇರಬಹುದು. ಅದನ್ನು ಎಎಚ್‌ಸಿಐ ಅಂತ ಬದಲಾಯಿಸಿದರೆ ಕಾಣಿಸುತ್ತದೆ. ವಿಂಡೋಸ್ ಅಳಿಸುವವರಾದರೆ ಕೂಡಲೇ ಬದಲಾಯಿಸಿ. ಉಳಿಸಿಕೊಳ್ಳುವವರು ತಡೆಯಿರಿ. ಹಾಗೇ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು. ಮೊದಲು ವಿಂಡೋಸ್‌ಗೆ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಶುರುವಾಗು ಅಂತ ಹೇಳಿ, ಬಯೋಸ್‌ನಲ್ಲಿ ಬದಲಾಯಿಸಿ, ಸೇಫ್ ಮೋಡ್‌ಗೆ ಒಂದು ಸಲ ಹೋಗಿ, ಆಮೇಲೆ ಮಾಮೂಲಿಗೆ ಬನ್ನಿ.

ವೈಫೈ ಬರುತ್ತಿಲ್ಲ. ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ಟೇ ಇಲ್ಲ.

ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ತಂತಿಯ ನೆಟ್‌ವರ್ಕ್ ಅಂತ ಅದನ್ನು ಲಿನಕ್ಸ್ ತಾನಾಗೇ ಗುರುತಿಸುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ತೋರಿಸುತ್ತದೆ.

ಇಂಟೆಲ್ ಮತ್ತು ಅಥೆರೋಸ್ ವೈಫೈ ಚಿಪ್‌ಗಳು ಸಾಮಾನ್ಯವಾಗಿ ತಕ್ಷಣ ಓಡುತ್ತವೆ. ತೊಂದರೆ ಕೊಡುವುದು ಜಾಸ್ತಿ ಬ್ರಾಡ್‌ಕಾಮ್, ಅದಕ್ಕೆ ಬೇರೆ ಡ್ರೈವರ್ ಬೇಕಾಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಈ ಹೊರಗಿನ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡು ಅನ್ನುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಅದೇ ಪಾಸ್‌ವರ್ಡ್ ಕೇಳುತ್ತದೆ. ಆ ಪರದೆ ನೋಡಿ ಗಾಬರಿಯಾಗಿ ಆಫ್ ಮಾಡಬೇಡಿ.

ಎಂಎಸ್ ಆಫೀಸ್, ಫೋಟೋಶಾಪ್, ಗೇಮ್ಸ್?

ಎಂಎಸ್ ಆಫೀಸ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಬ್ರೌಸರ್‌ನಲ್ಲಿ ಓಡುವ ಆಫೀಸ್ ಇದೆ, ಮಿಂಟ್ ಜೊತೆಗೆ ಲಿಬ್ರೆ ಆಫೀಸ್ ಬಂದಿರುತ್ತದೆ. ವರ್ಡ್ ಫೈಲ್ ತೆರೆದಾಗ ಸಾಲುಗಳು ಜರುಗಿ ಪುಟ ಕೆಟ್ಟರೆ ಅದಕ್ಕೆ ಹೆಚ್ಚಾಗಿ ಕಾರಣ ಫಾಂಟ್. ಕ್ಯಾಲಿಬ್ರಿಗೆ ಬದಲು ಕಾರ್ಲಿಟೊ, ಕೇಂಬ್ರಿಯಾಗೆ ಬದಲು ಕ್ಯಾಲಡಿಯಾ ಹಾಕಿಕೊಳ್ಳಿ. ಅಕ್ಷರಗಳ ಅಗಲ ಒಂದೇ ಇರುವ ಹಾಗೆ ಮಾಡಿರುವುದರಿಂದ ಸಾಲು ಎಲ್ಲಿ ಮುರಿಯಬೇಕೋ ಅಲ್ಲೇ ಮುರಿಯುತ್ತದೆ. ಮ್ಯಾಕ್ರೊ ತುಂಬಿದ ದೊಡ್ಡ ಎಕ್ಸೆಲ್ ಫೈಲ್ ಮೇಲೇ ನಿಮ್ಮ ಹೊಟ್ಟೆಪಾಡು ನಿಂತಿದ್ದರೆ ವಿಂಡೋಸ್ ಬಿಡಬೇಡಿ.

ಫೋಟೋಶಾಪ್, ಆಟೋಕ್ಯಾಡ್ ಇವಕ್ಕೂ ಅದೇ ಮಾತು. ಗಿಂಪ್, ಕ್ರೀಟಾ, ಇಂಕ್‌ಸ್ಕೇಪ್ ಒಳ್ಳೆಯ ಪ್ರೋಗ್ರಾಂಗಳು, ಆದರೆ ಕೈ ಮತ್ತೆ ಕಲಿಯಬೇಕು. ಸಣ್ಣಪುಟ್ಟ ವಿಂಡೋಸ್ ಪ್ರೋಗ್ರಾಂಗಳು ವೈನ್ ಅನ್ನುವ ಪ್ರೋಗ್ರಾಂ ಮೂಲಕ ಓಡಬಹುದು.

ಗೇಮ್ಸ್ ವಿಷಯದಲ್ಲಿ ವಾಲ್ವ್ ಕಂಪನಿ 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಅದರ ಆಟಗಳ ಅಂಗಡಿ ಸ್ಟೀಮ್‌ನ ತುಂಬ ಆಟಗಳು ಓಡುತ್ತವೆ. ಮೋಸ ತಡೆಯುವ ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಆಟಗಳು ಓಡುವುದಿಲ್ಲ.

ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಥರದ ಸಾಧನ ಇದ್ದರೆ ಲೈವ್‌ನಲ್ಲೇ ಸಿಕ್ಕಿಸಿ ನೋಡಿ.

ಕನ್ನಡ ಟೈಪ್ ಮಾಡಬಹುದಾ?

ಧಾರಾಳವಾಗಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಇದೆ, ನುಡಿ ಅಭ್ಯಾಸ ಇದ್ದವರಿಗೆ ಕಗಪ ಅನ್ನುವ ಫೊನೆಟಿಕ್ ವಿನ್ಯಾಸವೂ ಇದೆ. ಬೇರೆ ವಿಧಾನ ಬೇಕಾದರೆ ಐಬಸ್ ಅನ್ನುವ ಟೈಪಿಂಗ್ ಪ್ರೋಗ್ರಾಂ ಹಾಕಿಕೊಳ್ಳಿ. ಯೂನಿಕೋಡ್ ಕನ್ನಡ ಎಲ್ಲ ಕಡೆ ಸರಿಯಾಗಿ ಕಾಣುತ್ತದೆ. ಹಳೆ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ಮಾತ್ರ ಆ ಫಾಂಟ್ ಇಲ್ಲದೆ ಚಿತ್ರವಿಚಿತ್ರವಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ.

ಟರ್ಮಿನಲ್‌ನಲ್ಲಿ ಕಮಾಂಡ್ ಬರೆಯಲೇಬೇಕಾ?

ದಿನದ ಕೆಲಸಕ್ಕೆ ಬೇಡ. ಏನಾದರೂ ಕೆಟ್ಟಾಗ ಬೇಕಾಗಬಹುದು. ಅರ್ಥವಾಗದ ಕಮಾಂಡನ್ನು ಎಲ್ಲಿಂದಲೋ ಕಾಪಿ ಮಾಡಿ ಒತ್ತಬೇಡಿ, ಅದೊಂದೇ ನಿಯಮ.

ಆಂಟಿವೈರಸ್?

ಬೇಕಿಲ್ಲ. ಆದರೆ ಮೋಸದ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಯಾವ ಸಿಸ್ಟಂ ಕೂಡ ಕಾಪಾಡುವುದಿಲ್ಲ. ಪ್ರೋಗ್ರಾಂಗಳನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿ, ಅಪ್‌ಡೇಟ್ ಬಂದಾಗ ತಗೊಳ್ಳಿ, ಟೈಮ್‌ಶಿಫ್ಟ್ ಆನ್ ಮಾಡಿಡಿ. ಅಪ್‌ಡೇಟ್‌ನಿಂದ ಸಿಸ್ಟಂ ಕೆಟ್ಟರೆ ಟೈಮ್‌ಶಿಫ್ಟ್ ಹಿಂದಿನ ಸ್ಥಿತಿಗೆ ತಂದುಕೊಡುತ್ತದೆ. ನಿಮ್ಮ ಫೋಟೋಗಳನ್ನು ಅದು ಉಳಿಸುವುದಿಲ್ಲ, ಅದಕ್ಕೆ ಬ್ಯಾಕಪ್ಪೇ ಬೇಕು.

ಲಿನಕ್ಸ್ ಹಾಕಿದೆ. ಆದರೂ ಬ್ರೌಸರ್ ತೆರೆದರೆ ಹ್ಯಾಂಗ್ ಆಗುತ್ತದೆ.

ಇಲ್ಲಿ ಲಿನಕ್ಸ್ ಮಾಡುವುದು ಕಡಿಮೆ. ಡೆಸ್ಕ್‌ಟಾಪ್ ಹಗುರ ಮಾಡಬಹುದು, ಆದರೆ ಇವತ್ತಿನ ವೆಬ್ ಪುಟಗಳನ್ನು ಹಗುರ ಮಾಡಲು ಆಗುವುದಿಲ್ಲ, ಅವು ವಿಂಡೋಸ್‌ನಲ್ಲಿ ಎಷ್ಟು ಭಾರವೋ ಇಲ್ಲೂ ಅಷ್ಟೇ ಭಾರ. ಎಕ್ಸ್‌ಎಫ್‌ಸಿಇಯಿಂದ ಇನ್ನೂ ಹಗುರದ್ದಕ್ಕೆ ಹೋಗಿ ಉಳಿಸುವ ರ‍್ಯಾಮನ್ನು ಒಂದೇ ಒಂದು ಭಾರದ ಟ್ಯಾಬ್ ತಿಂದುಹಾಕುತ್ತದೆ.

ಮೊದಲು ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಿ. ಜಾಹೀರಾತು, ಹಿಂಬಾಲಿಸುವ ಸ್ಕ್ರಿಪ್ಟ್ ಎಲ್ಲ ನಿಂತರೆ ಹಳೆ ಪ್ರೊಸೆಸರ್ ಉಸಿರಾಡುತ್ತದೆ. ಆಮೇಲೆ ಝಡ್‌ರ‍್ಯಾಮ್ ಆನ್ ಮಾಡಿ. ಇದು ರ‍್ಯಾಮ್‌ನ ಒಂದು ಭಾಗದಲ್ಲಿ ವಿಷಯಗಳನ್ನು ಒತ್ತಿ ಸಣ್ಣದು ಮಾಡಿ ಇಡುತ್ತದೆ, ಹಾಗಾಗಿ 4 ಜಿಬಿಯಲ್ಲಿ ಸ್ವಲ್ಪ ಜಾಸ್ತಿ ಹಿಡಿಸುತ್ತದೆ.

ಯೂಟ್ಯೂಬ್ ವಿಡಿಯೊ ತಡವರಿಸುತ್ತಾ, ಫ್ಯಾನ್ ಜೋರಾಗಿ ಕೂಗುತ್ತಾ? ಯೂಟ್ಯೂಬ್ ವಿಪಿ9 ಅಥವಾ ಎವಿ1 ರೂಪದ ವಿಡಿಯೊ ಕಳಿಸುತ್ತದೆ. ಹಳೆ ಗ್ರಾಫಿಕ್ಸ್ ಚಿಪ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್.264 ರೂಪವನ್ನೇ ಕೇಳುವ ಎಕ್ಸ್‌ಟೆನ್ಷನ್ ಸಿಗುತ್ತದೆ, ಅದನ್ನು ಹಾಕಿ, 720ಪಿಯಲ್ಲಿ ನೋಡಿ. ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ, ಫ್ಯಾನ್ ಸುಮ್ಮನಾಗುತ್ತದೆ.

ಬಿಸಿ ಆಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ತಾರೀಕು ತಪ್ಪು ತೋರಿಸುತ್ತದೆ.

ಇವು ಹೆಚ್ಚಾಗಿ ಮಷೀನ್‌ನದೇ ಮುಪ್ಪು. ಫ್ಯಾನ್ ದೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿ. ಟಿಎಲ್‌ಪಿ ಅನ್ನುವ ಪ್ರೋಗ್ರಾಂ ಹಾಕಿದರೆ ಬ್ಯಾಟರಿ ಸ್ವಲ್ಪ ಉಳಿಯುತ್ತದೆ, ಸತ್ತ ಬ್ಯಾಟರಿ ಬದುಕುವುದಿಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಆಗ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ತೆಗೆಸಿಹಾಕಿ. ಬೆಂಕಿ ಹತ್ತುವ ಅಪಾಯ ನಿಜವಾದದ್ದು.

ಪ್ರತಿ ಸಲ ತಾರೀಕು ಹಿಂದಕ್ಕೆ ಹೋದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಣ್ಣ ಸೆಲ್ ಮುಗಿದಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ತಾರೀಕು ತಪ್ಪಿದ್ದರೆ ವೆಬ್ ತಾಣಗಳು ಸುರಕ್ಷಿತವಲ್ಲ ಅಂತ ಬರುತ್ತದೆ, ಅಪ್‌ಡೇಟ್ ನಿಲ್ಲುತ್ತದೆ, ಜನ ಲಿನಕ್ಸ್ ಸರಿಯಿಲ್ಲ ಅಂತ ಕಿತ್ತುಹಾಕುತ್ತಾರೆ.

ನನ್ನದು ನಿಜವಾಗಲೂ 32 ಬಿಟ್. ದಾರಿ ಇದೆಯಾ?

ದಾರಿ ಕಿರಿದಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಡೆಬಿಯನ್ 12 ಕೊನೆಯದು. ಅದಕ್ಕೆ ದೀರ್ಘ ಬೆಂಬಲ 2028ರ ಜೂನ್‌ವರೆಗೆ ಇದೆ. ಲಿನಕ್ಸ್‌ಗೆ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು, ಫೈರ್‌ಫಾಕ್ಸ್‌ನ ಮಾಮೂಲಿ ಆವೃತ್ತಿ 144ಕ್ಕೆ ನಿಂತಿತು. ಬರೆಯಲು, ಹಾಡು ಕೇಳಲು, ಪ್ರೋಗ್ರಾಮಿಂಗ್ ಕಲಿಯಲು ಇಟ್ಟುಕೊಳ್ಳಿ. ಬ್ಯಾಂಕ್ ಕೆಲಸಕ್ಕೆ ಬಳಸಬೇಡಿ.

ಹಳೆ ಮ್ಯಾಕ್‌ಬುಕ್‌ಗೆ?

2012ರಿಂದ 2015ರ ನಡುವಿನವು ಚೆನ್ನಾಗಿ ಓಡುತ್ತವೆ. ಆನ್ ಮಾಡುವಾಗ ಆಪ್ಷನ್ ಕೀ ಹಿಡಿದರೆ ಪೆನ್‌ಡ್ರೈವ್ ಕಾಣುತ್ತದೆ. ವೈಫೈ ಹೆಚ್ಚಾಗಿ ಬ್ರಾಡ್‌ಕಾಮ್, ಮೇಲೆ ಹೇಳಿದ ಫೋನ್ ಉಪಾಯ ಬೇಕಾಗುತ್ತದೆ. 2018ರಿಂದ ಟಿ2 ಚಿಪ್ ಬಂದ ಮಾದರಿಗಳಿಗೆ ವಿಶೇಷ ಕರ್ನಲ್ ಬೇಕು, ಮೊದಲ ಪ್ರಯತ್ನಕ್ಕೆ ಅವು ಬೇಡ.

ಅಪ್ಪ ಅಮ್ಮನ ಲ್ಯಾಪ್‌ಟಾಪ್‌ಗೆ ಹಾಕಿಕೊಡಲಾ?

ಅವರು ಅದರಲ್ಲಿ ಏನು ಮಾಡುತ್ತಾರೆ ಅಂತ ಪಕ್ಕ ಕೂತು ಒಂದು ದಿನ ನೋಡಿ. ಬ್ರೌಸರ್, ವಿಡಿಯೊ ಕಾಲ್, ಫೋಟೋ ಅಷ್ಟೇ ಇದ್ದರೆ ಹಾಕಿಕೊಡಿ. ಬ್ರೌಸರ್, ಫೋಟೋಗಳ ಫೋಲ್ಡರ್, ಪ್ರಿಂಟರ್ ಅವರಿಗೆ ಮೊದಲಿದ್ದ ಜಾಗದಲ್ಲೇ ಕಾಣಲಿ, ಅಕ್ಷರ ದೊಡ್ಡದು ಮಾಡಿ, ಅಪ್‌ಡೇಟ್ ತಾನಾಗೇ ಆಗುವ ಹಾಗೆ ಇಡಿ. ಅವರಿಗೆ ಬೇಡ ಅನ್ನಿಸಿದರೆ ಮಾತ್ರ ಒತ್ತಾಯ ಮಾಡಬೇಡಿ. ಕಂಪ್ಯೂಟರ್ ಅವರದು.

ಹಿಡಿಸದಿದ್ದರೆ ವಿಂಡೋಸ್‌ಗೆ ವಾಪಸ್ ಹೋಗಬಹುದಾ? ಲೈಸೆನ್ಸ್ ಹೋಗುತ್ತಾ?

ಹೋಗಬಹುದು, ಲೈಸೆನ್ಸ್ ಉಳಿಯುತ್ತದೆ. ವಿಂಡೋಸ್ 8ರಿಂದ ಈಚೆಗೆ ಕಂಪನಿಯಿಂದಲೇ ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಅದೇ ಆವೃತ್ತಿಯ ವಿಂಡೋಸ್ ಇಳಿಸಿ ಹಾಕಿದರೆ ಇಂಟರ್‌ನೆಟ್‌ಗೆ ಸೇರಿದ ಕೂಡಲೇ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದಲ್ಲಿ ಪ್ರೊ ಹಾಕಿದರೆ ಆಗುವುದಿಲ್ಲ, ಅದನ್ನು ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಒಂದನ್ನೂ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮಾಡಿ ತೆಗೆದಿಡಿ, ಲಿನಕ್ಸ್ ಒಂದೇ ಉಳಿದ ಮೇಲೆ ಅದನ್ನು ಮಾಡುವುದು ಸ್ವಲ್ಪ ತಾಪತ್ರಯ.